ಗೋಡೆಗೆ ಬರೆದದ್ದು, ಲಲಿತ ಓದಿದ್ದು

1966ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ವೇಣೂರಿನ ಸಮೀಪದ ಒಂದು ಮನೆಯಿಂದ ಲಲಿತ ಎಂಬ ಏಳು ವರ್ಷದ ಹುಡುಗಿ ಕಾಣೆಯಾದಳು. ಅದು ಆ ಮನೆಗೆ ಮಲೇರಿಯಾದ ಮದ್ದು ಬಿಡುವ ದಿನ. ಮದ್ದು ಬಿಡಲು ಹೋದವರಲ್ಲಿ ನಾನೂ ಇದ್ದೆ.

ಆ ದಿನ ನಡೆದದ್ದು ಅರ್ಥವಾಗಬೇಕಾದರೆ ನಮ್ಮ ಕೆಲಸ ಹೇಗಿತ್ತು ಎಂದು ಮೊದಲು ಹೇಳಬೇಕು. ಈಗ ಈ ಇಲಾಖೆಗೆ ಸೇರುವ ಹುಡುಗರಿಗೆ ಅದು ಗೊತ್ತಿಲ್ಲ.

ನಾನು ಸೇರಿದ್ದು ಮೂಡಬಿದಿರೆಯಲ್ಲಿ, ಐವತ್ತರ ದಶಕದಲ್ಲಿ. ಆಗ ಮಲೇರಿಯಾ ಕೆಲಸ ಎಂದರೆ ಸೊಳ್ಳೆ ಕೊಲ್ಲಲು ಮನೆಯೊಳಗಿನ ಗೋಡೆಗಳಿಗೆ ಡಿ.ಡಿ.ಟಿ. ಬಿಡುವುದು. ಪಂಪು ಹೊತ್ತವರು ಇಬ್ಬರು, ಮದ್ದು ಕಲಸುವವನು ಒಬ್ಬ, ಮುಂದೆ ಹೋಗಿ ಮನೆಯವರಿಗೆ ಹೇಳುವವನು ಒಬ್ಬ. ಆ ನಾಲ್ಕನೆಯ ಕೆಲಸ ನನ್ನದು. ಅಕ್ಕಿಯ ಮುಡಿ, ಉಪ್ಪಿನಕಾಯಿ ಭರಣಿ, ಚಾಪೆ, ತೊಟ್ಟಿಲು ಎಲ್ಲ ಅಂಗಳಕ್ಕೆ ಬರಬೇಕು. ಮುದುಕರನ್ನು ಎತ್ತಿ ತಂದು ಹೊರಗೆ ಕೂರಿಸಬೇಕು. ಆಮೇಲೆ ಒಳಗೆ ಪಂಪಿನ ಸದ್ದು ಶುರು. ಗೋಡೆ ಒಣಗಿದ ಮೇಲೆ ತೆಳ್ಳಗಿನ ಬಿಳಿ ಪುಡಿ ಉಳಿಯುತ್ತಿತ್ತು. ಅದನ್ನು ಒರೆಸಬಾರದು, ಸುಣ್ಣ ಬಳಿಯಬಾರದು.

ಜನರಿಗೆ ನಮ್ಮನ್ನು ಕಂಡರೆ ಹೆದರಿಕೆ. ಅದಕ್ಕೆ ಕಾರಣವೂ ಇತ್ತು. ಮದ್ದು ಬಿಟ್ಟ ಕೆಲವು ದಿನಗಳಲ್ಲಿ ಬೆಕ್ಕುಗಳು ಸಾಯುತ್ತಿದ್ದವು. ಗೋಡೆಗೆ ಮೈ ಉಜ್ಜಿ, ಆಮೇಲೆ ಆ ಮೈಯನ್ನು ನೆಕ್ಕಿಕೊಂಡು, ಕಾಲು ನಡುಗಿ, ಅಡುಗೆಮನೆಯ ಮೂಲೆಯಲ್ಲಿ ಬೀಳುತ್ತಿದ್ದವು. ಮೂಡಬಿದಿರೆಯ ಒಬ್ಬ ಮುದುಕಿ ನನ್ನನ್ನು ಪೇಟೆಯಲ್ಲಿ ಕಂಡಾಗಲೆಲ್ಲ ಕೂಗಿ ಹೇಳುತ್ತಿದ್ದಳು: "ಓ ನೋಡಿ, ನನ್ನ ಬೆಕ್ಕನ್ನು ಕೊಂದವ ಹೋಗ್ತಾನೆ. ಅಂಗಿ ಮಾತ್ರ ಬೆಳ್ಳಗೆ!"

ನಮ್ಮ ಮೇಲ್ವಿಚಾರಕರು ಒಂದೇ ವಿಷಯದಲ್ಲಿ ಕಟ್ಟುನಿಟ್ಟು. ಅದು ಗೋಡೆಯ ಬರಹ. ಮದ್ದು ಬಿಡಬೇಕಾದ ಮನೆಗೆ ಮೊದಲೇ ಹೋಗಿ ಬಾಗಿಲ ಪಕ್ಕದಲ್ಲಿ ಕಾವಿಯಿಂದ ಗುರುತು ಬರೆಯಬೇಕು. ಪಂಪಿನವರು ಆ ಗುರುತು ನೋಡಿಕೊಂಡು ಬರುತ್ತಾರೆ. ಮದ್ದು ಬಿಟ್ಟ ಮೇಲೆ ಅದರ ಕೆಳಗೆ ತಾರೀಕು. ಮೇಲ್ವಿಚಾರಕರು ಸೈಕಲ್ಲಿನಲ್ಲಿ ಹಿಂದಿನಿಂದ ಬಂದು ಒಂದೊಂದೇ ಗೋಡೆ ಓದುತ್ತಿದ್ದರು. "ಬರೆಯದೆ ಇದ್ದರೆ ನೀನು ಮಾಡಲಿಲ್ಲ. ಬರೆದರೆ ಮಾಡ್ಲೇಬೇಕು. ಮಧ್ಯದ ಮಾತು ನನಗೆ ಬೇಡ," ಎನ್ನುತ್ತಿದ್ದರು.

ಒಂದು ಜಾಗಕ್ಕೆ ಮಾತ್ರ ನಾವು ಮದ್ದು ಬಿಡುತ್ತಿರಲಿಲ್ಲ. ಹಳೆಯ ಮನೆಗಳಲ್ಲಿ ದೈವದ ಕೋಣೆ ಇರುತ್ತದೆ. ಯಜಮಾನ ಮಿಂದು, ಮಡಿಯುಟ್ಟು ಒಳಗೆ ಹೋಗಿ ದೀಪ ಇಟ್ಟು ಬರುತ್ತಾನೆ. ಬೇರೆ ಯಾರೂ ಹೊಸ್ತಿಲು ದಾಟುವುದಿಲ್ಲ. ಪಂಪಿನವರೂ ಆ ಊರಿನವರೇ ಆದ್ದರಿಂದ ಆ ಬಾಗಿಲು ಬಂದಾಗ ಹೇಳದೆಯೇ ಪಕ್ಕಕ್ಕೆ ಸರಿಯುತ್ತಿದ್ದರು. ಮೇಲ್ವಿಚಾರಕರೂ ಅದನ್ನು ಕೇಳುತ್ತಿರಲಿಲ್ಲ.

ಅರವತ್ತರ ಸುಮಾರಿಗೆ ಕೆಲಸದ ಕ್ರಮ ಬದಲಾಯಿತು. ಎಲ್ಲ ಮನೆಗೂ ಮದ್ದು ಬಿಡುವುದು ನಿಂತಿತು. ಅದರ ಬದಲು ಮನೆಮನೆಗೆ ಹೋಗಿ "ಜ್ವರ ಉಂಟಾ?" ಎಂದು ಕೇಳುವುದು, ಬಂದ ತಾರೀಕನ್ನು ಗೋಡೆಗೆ ಬರೆಯುವುದು, ಜ್ವರ ಇದ್ದರೆ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ತುಂಡಿಗೆ ಸವರಿ ಪರೀಕ್ಷೆಗೆ ಕಳುಹಿಸುವುದು. ರಕ್ತದಲ್ಲಿ ಮಲೇರಿಯಾ ಕಂಡರೆ ಮಾತ್ರ ಆ ಮನೆಗೂ ಸುತ್ತಲಿನ ಮನೆಗಳಿಗೂ ಮದ್ದು. ನನ್ನನ್ನು ಈ ಕೆಲಸಕ್ಕೆ ಬಂಟ್ವಾಳಕ್ಕೆ ಹಾಕಿದರು.

ಅಲ್ಲಿ ನಾನು ಒಮ್ಮೆ ಹೊಡೆತ ತಿನ್ನುವವನಿದ್ದೆ. ಎಲ್ಲೋ ಸೇತುವೆ ಕಟ್ಟುತ್ತಾರೆ, ಕಂಬ ನಿಲ್ಲಲು ಮಕ್ಕಳ ಬಲಿ ಬೇಕಂತೆ ಎಂಬ ಸುದ್ದಿ ಹಬ್ಬಿತ್ತು. ಚೀಲದಲ್ಲಿ ಸೂಜಿ, ಗಾಜು ಇಟ್ಟುಕೊಂಡು ಮಕ್ಕಳ ಬೆರಳು ಹಿಡಿಯುವ ಅಪರಿಚಿತ ನಾನು. ನದಿ ಬದಿಯ ಕೇರಿಯಲ್ಲಿ ಗಂಡಸರು ಸುತ್ತ ನಿಂತರು. ಒಬ್ಬ ದಿನಸಿ ಅಂಗಡಿಯವರು ನನ್ನನ್ನು ಒಳಗೆಳೆದು ಅರ್ಧ ಬಾಗಿಲು ಹಾಕಿದರು.

"ರಕ್ತ ಎಷ್ಟು ತೆಗೀತೀರಿ?" ಎಂದು ಅವರು ಹೊರಗಿನವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಕೇಳಿದರು.

"ಒಂದು ಹನಿ."

"ಬಾಯಲ್ಲಿ ಹೇಳಿದ್ರೆ ಆಗುದಿಲ್ಲ ಮಾರಾಯ್ರೆ. ನಿಮ್ಮದೇ ತೆಗೆದು ತೋರಿಸಿ."

ನಾನು ನನ್ನ ಬೆರಳಿಗೇ ಚುಚ್ಚಿ ತೋರಿಸಿದೆ. ಮೊದಲ ಸಲ ರಕ್ತ ಬರಲಿಲ್ಲ, ಮತ್ತೊಮ್ಮೆ ಚುಚ್ಚಬೇಕಾಯಿತು. ಯಾರೋ ನಕ್ಕರು. ಜನ ಚದುರಿದರು. ಹೆದರಿದವನ ಮುಂದೆ ಭಾಷಣ ಕೆಲಸ ಮಾಡುವುದಿಲ್ಲ, ಅವನು ಕೇಳಿದ ಪ್ರಶ್ನೆಗೆ ಕಣ್ಣೆದುರಿನ ಉತ್ತರ ಬೇಕು. ಇದನ್ನು ನನಗೆ ಕಲಿಸಿದ್ದು ತರಬೇತಿಯಲ್ಲ, ಆ ಅಂಗಡಿಯವರು.

ಬಂಟ್ವಾಳದಿಂದ ನನ್ನನ್ನು ಬೆಳ್ತಂಗಡಿ ತಾಲೂಕಿಗೆ ಹಾಕಿದರು. ಲಲಿತಳ ಮನೆ ನನ್ನ ಪಾಲಿಗೆ ಬಂದದ್ದು ಆಗ. ಅಲ್ಲಿಯವರು ನನ್ನನ್ನೂ 'ಮಾಸ್ಟ್ರೆ' ಎಂದೇ ಕರೆಯುತ್ತಿದ್ದರು. ಈ ಹೆಸರುಗಳು ನಿಜವಲ್ಲ, ಮನೆಯವರಿಗಾಗಿ ಬದಲಾಯಿಸಿದ್ದೇನೆ. ಮಾತುಗಳೆಲ್ಲ ತುಳುವಿನಲ್ಲಿ ನಡೆದವು, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಮನೆ ತಾಯಿಯ ಕಡೆಯದು. ಯಜಮಾನರು ತಾಯಿಯ ಅಣ್ಣ ದೇಜಪ್ಪ ಶೆಟ್ರು. ಲಲಿತಳ ತಂದೆ ಬೊಂಬಾಯಿಯ ಹೋಟೆಲೊಂದರಲ್ಲಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ತಾಯಿ ರತ್ನಕ್ಕ. ಲಲಿತ ಮಾತು ಕಲಿತದ್ದು ತಡವಾಗಿ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿದರೆ ಎರಡೂ ಕಿವಿ ಮುಚ್ಚಿ ನೆಲಕ್ಕೆ ಕೂರುತ್ತಿದ್ದಳು. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಶಾಲೆಯ ಮಾಸ್ಟ್ರು "ಸ್ವಲ್ಪ ದೊಡ್ಡದಾದ ಮೇಲೆ ಕಳಿಸಿ" ಎಂದು ಹಿಂದೆ ಕಳಿಸಿದ್ದರು. ಊರವರು ಏನೋ ಗಾಳಿ ಸೋಂಕಿದೆ ಎಂದರು. ಮಂತ್ರಿಸಿದ ನೂಲು ಕಟ್ಟಿಸಿದರೆ ಕಚ್ಚಿ ತುಂಡು ಮಾಡಿದಳು.

ನಾನು ಹೋದಾಗಲೆಲ್ಲ ಅವಳು ಬಾಗಿಲ ಪಕ್ಕದ ಗೋಡೆಯ ಹತ್ತಿರ ನಿಂತಿರುತ್ತಿದ್ದಳು. ಹಳೆಯ ಕಾವಿ ಗುರುತುಗಳ ಮೇಲೆ ಬೆರಳಿಟ್ಟು ಎಳೆಯುತ್ತಿದ್ದಳು. ನಾನು ಹೊಸದಾಗಿ ಏನಾದರೂ ಬರೆದರೆ ಮುಗಿಯುವವರೆಗೆ ನೋಡಿ ಕೇಳುತ್ತಿದ್ದಳು: "ಇನ್ನು ಎಂತ ಮಾಡ್ತೀರಿ?" ನಾನು ಹೇಳುತ್ತಿದ್ದೆ: "ಎಂತ ಬರೆದದ್ದೋ ಅದನ್ನು ಮಾಡ್ತೇವೆ." ನಮ್ಮ ಮೇಲ್ವಿಚಾರಕರು ಹೇಳುತ್ತಿದ್ದದ್ದೂ ಅದನ್ನೇ.

ಅದಕ್ಕೂ ಮೊದಲೊಮ್ಮೆ ಆ ಮನೆಗೆ ಮದ್ದು ಬಿಟ್ಟಾಗ ಅವಳ ಬೆಕ್ಕು ಸತ್ತಿತ್ತು. ಇದು ನನಗೆ ಗೊತ್ತಾದದ್ದು ಆಮೇಲೆ.

1966ರ ಆರಂಭದಲ್ಲಿ ರತ್ನಕ್ಕ ಮತ್ತು ಶೆಟ್ರು ಅವಳನ್ನು ಮಂಗಳೂರಿಗೆ ಕರೆದುಕೊಂಡು ಹೋದರು. ಹೊರದೇಶದಲ್ಲಿ ಕಲಿತು ಬಂದ ಒಬ್ಬ ಡಾಕ್ಟರು ಬಹಳ ಹೊತ್ತು ನೋಡಿ, ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಶಬ್ದ ಬರೆದುಕೊಟ್ಟರು. ಆಟಿಸಂ. ಇದು ಹುಚ್ಚಲ್ಲ, ಹುಟ್ಟಿನಿಂದ ಬಂದದ್ದು, ಮಾತ್ರೆಯಿಂದ ಹೋಗುವುದಿಲ್ಲ ಎಂದರಂತೆ. ಆ ಶಬ್ದವನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ನಮ್ಮ ಆರೋಗ್ಯ ಕೇಂದ್ರದ ಡಾಕ್ಟರಿಗೆ ಪುಸ್ತಕದಲ್ಲಿ ಓದಿ ಮಾತ್ರ ಗೊತ್ತಿತ್ತು.

ಶೆಟ್ರು ನನ್ನ ಎದುರಿಗೇ ಹೇಳಿದರು: "ಗುಣವೇ ಆಗುದಿಲ್ಲವಂತೆ. ನನ್ನ ನಂತರ ಇದನ್ನು ನೋಡುವವರು ಯಾರು? ದೂರದ ದೊಡ್ಡ ಆಸ್ಪತ್ರೆಯಲ್ಲಿ ಬಿಟ್ಟು ಬರುವ. ಊಟವಾದರೂ ಸಿಗ್ತದೆ."

"ಮೆಲ್ಲಗೆ ಅಣ್ಣ. ಅವಳಿಗೆ ಕೇಳ್ತದೆ," ಎಂದರು ರತ್ನಕ್ಕ.

"ಕೇಳುವುದಾದ್ರೆ ಕರೆದಾಗ ತಿರುಗಿ ನೋಡ್ಬೇಕಲ್ಲ?"

ಲಲಿತ ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದಳು.

ಮಾರ್ಚಿನಲ್ಲಿ ಘಟ್ಟದಿಂದ ಬಂದ ಒಬ್ಬ ಕೂಲಿಯವನ ರಕ್ತದಲ್ಲಿ ಮಲೇರಿಯಾ ಕಂಡಿತು. ಅವನು ಇಳಿದುಕೊಂಡಿದ್ದ ಬಿಡಾರ ಶೆಟ್ರ ಮನೆಯ ಪಕ್ಕದಲ್ಲಿ. ನಾನು ಸುತ್ತಲಿನ ಮನೆಗಳಿಗೆ ಗುರುತು ಬರೆಯಲು ಹೋದೆ. ನಮ್ಮ ಡಾಕ್ಟರೂ ಜೊತೆಗೆ ಬಂದರು. ಅವರು ಮೈಸೂರು ಕಡೆಯವರು, ಇಲ್ಲಿಗೆ ಬಂದು ತುಳು ಕಲಿತಿದ್ದರು, ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ರತ್ನಕ್ಕ ಚೀಟಿ ತೋರಿಸಿ, "ಇವಳಿಗೆ ನೀವೇ ಒಂದು ಮಾತು ಹೇಳಿ ಡಾಕ್ಟ್ರೆ. ಮಂಗಳೂರಿಂದ ಬಂದ ಮೇಲೆ 'ನನಗೆ ಎಂತ ಆಗಿದೆ' ಅಂತ ಅದೊಂದೇ ಕೇಳ್ತಾಳೆ. ನನಗೆ ಹೇಳ್ಲಿಕ್ಕೆ ಗೊತ್ತಾಗುದಿಲ್ಲ," ಎಂದರು.

ಡಾಕ್ಟರು ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕುಳಿತರು. ನಾನು ಆಗತಾನೆ ಬರೆದ ಗುರುತು ಇನ್ನೂ ಹಸಿಯಾಗಿತ್ತು.

"ನೋಡು ಪುಟ್ಟಿ, ಇವರು ಗೋಡೆ ಮೇಲೆ ಬರೀತಾರಲ್ಲ, ಹಾಗೇನೇ ಮಂಗಳೂರಿನ ಡಾಕ್ಟರು ನಿನಗೂ ಒಂದು ಹೆಸರು ಬರೆದಿದ್ದಾರೆ. ಇನ್ನು ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಅಷ್ಟೇ. ಹೆದರಬೇಡ."

ಲಲಿತ ಏನೂ ಕೇಳಲಿಲ್ಲ. ಅಷ್ಟು ದಿನ ಕೇಳುತ್ತಿದ್ದ ಪ್ರಶ್ನೆ ಅಲ್ಲಿಗೆ ನಿಂತಿತು. ಅವಳಿಗೆ ಸಮಾಧಾನವಾಯಿತು ಎಂದು ರತ್ನಕ್ಕ ಸಂತೋಷಪಟ್ಟರು. ನಾವೂ ಹಾಗೆಯೇ ತಿಳಿದೆವು.

ಮದ್ದು ಬಿಡುವ ದಿನ ನಾನು ಮತ್ತು ಪಂಪಿನ ಐತಪ್ಪ ಅಂಗಳಕ್ಕೆ ಬಂದಾಗ ಸಾಮಾನುಗಳೆಲ್ಲ ಹೊರಗೆ ಇದ್ದವು. ರತ್ನಕ್ಕ ಅವುಗಳ ಮಧ್ಯೆ ನಿಂತು ಸುತ್ತ ನೋಡುತ್ತಿದ್ದರು. "ಲಲಿತ ಎಲ್ಲಿ?" ಎಂದು ಕೇಳಿದ್ದು ಅವರೇ.

ಹಟ್ಟಿ, ಸೌದೆಯ ಕೊಟ್ಟಿಗೆ, ಹುಲ್ಲಿನ ಬಣವೆ ಎಲ್ಲ ನೋಡಿದೆವು. ಕೂಗಿದೆವು. ಕೂಗಿದರೆ ಅವಳು ಉತ್ತರ ಕೊಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಆದರೂ ಕೂಗಿದೆವು. ನೆರೆಮನೆಯವರು ಬಂದರು. ಶೆಟ್ರು ಕೆಲವರನ್ನು ಕರೆದುಕೊಂಡು ಫಲ್ಗುಣಿ ನದಿಗೆ ಇಳಿದರು. ಮಾರ್ಚಿನಲ್ಲಿ ನದಿ ಬಡವಾಗಿರುತ್ತದೆ, ಆದರೆ ಬಂಡೆಗಳ ಅಡಿಯ ಗುಂಡಿಗಳಲ್ಲಿ ಆಳು ಮುಳುಗುವ ನೀರು. ಅವರು ಒಂದೊಂದು ಗುಂಡಿಗೂ ಬಿದಿರು ಹಾಕಿ ನೋಡಿದರು.

ಇತ್ತ ಬಾವಿಗೆ ಪಾತಾಳಗರುಡ ಇಳಿಸಿದರು. ಬಿದ್ದ ಕೊಡಪಾನ ಎತ್ತುವ ಕೊಕ್ಕೆ ಅದು. ಹಗ್ಗ ಹಿಡಿದದ್ದು ಐತಪ್ಪ. ಒಮ್ಮೆ ಕೊಕ್ಕೆಗೆ ಭಾರ ಸಿಕ್ಕಿತು. ಅವನು ಎಳೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಎಳೆಯುದಾ?" ಎಂದ. ನಾನು ತಲೆಯಾಡಿಸಿದೆ. ಮೇಲೆ ಬಂದದ್ದು ಕೆಸರು ತುಂಬಿದ ಒಂದು ತಾಮ್ರದ ಚೆಂಬು. ರತ್ನಕ್ಕ ಬಾವಿಕಟ್ಟೆಗೆ ಒರಗಿ ಕುಳಿತುಬಿಟ್ಟರು.

ಶೆಟ್ರು ನದಿಯಿಂದ ಒದ್ದೆ ಬಟ್ಟೆಯಲ್ಲೇ ಬಂದರು. ಅಲ್ಲಿಯೂ ಇರಲಿಲ್ಲ.

ಆಗ ರತ್ನಕ್ಕ ಪಂಪಿನ ಕಡೆ ನೋಡಿ, ನನ್ನನ್ನು ಕರೆದು ಒಂದು ಪ್ರಶ್ನೆ ಕೇಳಿದರು. "ಮಾಸ್ಟ್ರೆ, ಈ ಮನೆಯಲ್ಲಿ ನೀವು ಮದ್ದು ಬಿಡದ ಜಾಗ ಯಾವುದು?"

ನಾನು ಉತ್ತರ ಹೇಳುವ ಮೊದಲೇ ಶೆಟ್ರಿಗೆ ಅರ್ಥವಾಯಿತು. "ಅಲ್ಲಿಗೆ ಅವಳು ಹೋಗುವುದಿಲ್ಲ. ಅಲ್ಲಿಗೆ ಯಾರೂ ಹೋಗುವುದಿಲ್ಲ," ಎಂದರು.

"ಅದಕ್ಕೇ ಹೋಗಿದ್ದಾಳೆ ಅಣ್ಣ."

ದೈವದ ಕೋಣೆಯ ಬಾಗಿಲಿಗೆ ಬೀಗ ಇರಲಿಲ್ಲ. ಬೀಗದ ಅಗತ್ಯ ಎಂದೂ ಬಿದ್ದಿರಲಿಲ್ಲ. ಬಾಗಿಲು ಮುಚ್ಚಿತ್ತು. ಅಷ್ಟು ಜನ ಅಷ್ಟು ಹೊತ್ತು ಹುಡುಕಿದರೂ ಅದನ್ನು ಯಾರೂ ಮುಟ್ಟಿರಲಿಲ್ಲ.

"ಮಿಂದು ಬರ್ತೇನೆ," ಎಂದರು ಶೆಟ್ರು. ಅವರ ಕಾಲಿಗೆ ಮೊಣಕಾಲಿನವರೆಗೆ ಕೆಸರಿತ್ತು.

"ಅಷ್ಟು ಹೊತ್ತು ನನಗೆ ನಿಲ್ಲಲಿಕ್ಕೆ ಆಗುದಿಲ್ಲ. ನೀನು ತೆಗೆಯದಿದ್ರೆ ನಾನು ತೆಗೀತೇನೆ."

ನೆರೆಯವರು ಹಿಂದೆ ಸರಿದರು. ಐತಪ್ಪ ಕಣ್ಣು ಮುಚ್ಚಿಕೊಂಡ. ಶೆಟ್ರು ಕೈಮುಗಿದು, ಬಾಯಲ್ಲಿ ಏನೋ ಹೇಳಿ, ಕೆಸರುಕಾಲಿನಲ್ಲೇ ಬಾಗಿಲು ನೂಕಿದರು.

ಒಳಗೆ ಕತ್ತಲು. ದೈವಕ್ಕೆಂದು ತೂಗುಹಾಕಿದ ಮಂಚದ ಕೆಳಗೆ ಲಲಿತ ಮೊಣಕಾಲು ತಬ್ಬಿ ಕುಳಿತಿದ್ದಳು. ಜೀವ ಇತ್ತು. ರತ್ನಕ್ಕ ಹೊಸ್ತಿಲಿನ ಹೊರಗಿನಿಂದ ಕೈಚಾಚಿದರು. "ಬಾ ಮಗಾ."

ಅವಳು ಬರಲಿಲ್ಲ. ಐತಪ್ಪನ ಪಕ್ಕದಲ್ಲಿದ್ದ ಪಂಪನ್ನು ನೋಡುತ್ತಿದ್ದಳು. "ನನಗೆ ಬರೆದಿದ್ದಾರೆ," ಎಂದಳು.

ಮೊದಲು ಯಾರಿಗೂ ತಿಳಿಯಲಿಲ್ಲ. ಅವಳೇ ಮುಂದುವರಿಸಿದಳು. "ಬರೆದ ಮೇಲೆ ಮದ್ದು ಬಿಡ್ತೀರಿ. ಬೆಕ್ಕು ಸತ್ತಿತು. ನಾನು ಸಾಯ್ತೇನೆ."

ನಾನು ಹೊಸ್ತಿಲಿನ ಹೊರಗೆ ನೆಲದ ಮೇಲೆ ಕುಳಿತೆ. "ಮದ್ದು ಬಿಡುವುದು ಗೋಡೆಗೆ. ಮನುಷ್ಯರಿಗೆ ಬಿಡುವುದಿಲ್ಲ," ಎಂದೆ.

"ಬೆಕ್ಕಿಗೆ?"

"ಬೆಕ್ಕಿಗೂ ಬಿಡಲಿಲ್ಲ. ಅದು ಗೋಡೆಗೆ ಮೈ ಉಜ್ಜಿ ಆ ಮೈಯನ್ನು ನೆಕ್ಕಿತು. ಅದಕ್ಕೆ ಸತ್ತಿತು."

"ನಾನು ನೆಕ್ಕುವುದಿಲ್ಲ."

"ಇಲ್ಲ."

"ನನಗೆ ಯಾಕೆ ಬರೆದದ್ದು?"

ನಾನು ರತ್ನಕ್ಕನ ಕಡೆ ನೋಡಿದೆ. "ಹೇಳಿ ಮಾಸ್ಟ್ರೆ. ಅವಳು ಕೇಳಿದ್ದು ನಿಮ್ಮನ್ನು," ಎಂದರು ಅವರು.

ನಾನು ಹೇಳಿದ್ದು ಇಷ್ಟು. "ಬಸ್ಸಿನ ಹಾರನ್ ನಿನಗೆ ಎಲ್ಲರಿಗಿಂತ ಜೋರು ಕೇಳ್ತದೆ. ಕರೆದರೆ ನಿನಗೆ ಕೇಳ್ತದೆ, ತಿರುಗಿ ನೋಡ್ಲಿಕ್ಕೆ ಆಗುದಿಲ್ಲ. ಹೌದಾ?"

"ಹೌದು," ಎಂದಳು. ಶೆಟ್ರು ಗೋಡೆ ಹಿಡಿದುಕೊಂಡರು.

"ಹಾಗೆ ಇರುವ ಮಕ್ಕಳು ಬೇರೆ ಊರಿನಲ್ಲೂ ಇದ್ದಾರೆ. ಅವರಿಗೆಲ್ಲ ಡಾಕ್ಟ್ರುಗಳು ಒಂದೇ ಹೆಸರು ಇಟ್ಟಿದ್ದಾರೆ. ಆಟಿಸಂ ಅಂತ. ಆ ಹೆಸರು ಚೀಟಿಯಲ್ಲಿ ಉಂಟು. ನಿನ್ನ ಮೈಮೇಲೆ ಇಲ್ಲ. ಬೇಕಾದ್ರೆ ನೋಡು."

ಅವಳು ಎರಡೂ ಕೈಗಳನ್ನು ಬೆಳಕಿನ ಕಡೆಗೆ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿದಳು. ಲಂಗ ಎತ್ತಿ ಕಾಲು ನೋಡಿದಳು.

"ಹೋಗ್ತದಾ?"

"ಹೋಗುವುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಅದರಿಂದ ಯಾರೂ ಸಾಯುವುದೂ ಇಲ್ಲ."

"ನನ್ನನ್ನು ದೂರದ ಆಸ್ಪತ್ರೆಯಲ್ಲಿ ಬಿಟ್ಟು ಬರ್ತಾರಾ?"

ಅದನ್ನು ಹೇಳಬೇಕಾದವರು ಶೆಟ್ರು. ರತ್ನಕ್ಕ ಅಣ್ಣನನ್ನು ನೋಡಲೂ ಇಲ್ಲ. ಶೆಟ್ರು ಗೋಡೆಯಿಂದ ಕೈ ತೆಗೆದು ಹೇಳಿದರು: "ಇಲ್ಲ."

"ಯಾರು ಹೇಳಿದ್ದು?"

"ನಾನು ಹೇಳಿದ್ದು. ನಿನ್ನ ಮಾವ. ಈ ಬಾಗಿಲಲ್ಲಿ ನಿಂತು ಹೇಳಿದ್ದು."

ದೈವದ ಬಾಗಿಲಲ್ಲಿ ಆಡಿದ ಮಾತನ್ನು ಆ ಕಡೆಯಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನೆರೆಯವರೆಲ್ಲ ಕೇಳಿಸಿಕೊಂಡಿದ್ದರು.

ಲಲಿತ ಮತ್ತೆ ಪಂಪನ್ನು ನೋಡಿದಳು. ನಾನು ಐತಪ್ಪನಿಗೆ ಅದನ್ನು ಅಂಗಳದಾಚೆ ಒಯ್ದು ಅವಳಿಗೆ ಕಾಣುವ ಹಾಗೆ ಬರಿದು ಮಾಡಲು ಹೇಳಿದೆ. "ಇಲಾಖೆಯ ಮದ್ದು ಮಾರಾಯ್ರೆ, ಇದಕ್ಕೆ ನಿಮ್ಮ ತಲೆ ಹೋಗ್ತದೆ," ಎಂದು ಗೊಣಗುತ್ತ ಅವನು ಹೊಂಡಕ್ಕೆ ಸುರಿದ. ಅವಳು ಮಂಚದ ಕೆಳಗಿನಿಂದ ತಾನೇ ಎದ್ದು ಬಂದು ಹೊಸ್ತಿಲು ದಾಟಿದಳು.

ಆ ದಿನ ಆ ಮನೆಗೆ ಮದ್ದು ಬಿಡಲಿಲ್ಲ. ಮೇಲ್ವಿಚಾರಕರಿಂದ ನನಗೆ ಬೈಗುಳವಾಯಿತು. ಡಾಕ್ಟರಿಗೆ ವಿಷಯ ತಿಳಿಸಿದಾಗ ಅವರು ಒಬ್ಬರೇ ಆ ಮನೆಗೆ ಹೋಗಿ, "ನಾನು ಹೇಳಿದ್ದು ತಪ್ಪು ಪುಟ್ಟಿ," ಎಂದರಂತೆ. "ಎಷ್ಟು ತಪ್ಪು?" ಎಂದು ಅವಳು ಕೇಳಿದಳಂತೆ. ಅವರು "ಪೂರ್ತಿ" ಎಂದರು.

ಶೆಟ್ರು ಕೋಣೆಯ ಶುದ್ಧಿ ಮಾಡಿಸಿದರು. ಆಮೇಲೆ ಬಾಗಿಲಿಗೆ ಬೀಗ ಹಾಕಿದರು.

ಅಲ್ಲಿಂದ ಮುಂದೆ ನಾನು ಹೋದಾಗಲೆಲ್ಲ ಲಲಿತ ಗೋಡೆಯ ಹತ್ತಿರ ನಿಂತು ಕೇಳುತ್ತಿದ್ದಳು: "ಗೋಡೆಗಾ, ಮನುಷ್ಯರಿಗಾ?" ನಾನು "ಗೋಡೆಗೆ" ಎನ್ನುತ್ತಿದ್ದೆ. ಆಮೇಲೆಯೇ ಚೀಲದಿಂದ ಕಾವಿ ಹೊರತೆಗೆಯುವುದು. ನನಗೆ ವಿಟ್ಲದ ಕಡೆಗೆ ವರ್ಗವಾದಾಗ ನನ್ನ ಜಾಗಕ್ಕೆ ಬಂದವನಿಗೆ ಇದನ್ನು ಹೇಳಿಕೊಟ್ಟೆ. ಅವನು ತಮಾಷೆಯವ. ಒಂದು ದಿನ "ಇವತ್ತು ಮನುಷ್ಯರಿಗೆ" ಎಂದ. ಅವಳು ದೈವದ ಕೋಣೆಗೆ ಓಡಿದಳು. ಬೀಗ ಇತ್ತು. ಆಮೇಲೆ ಅವಳು ಸಿಕ್ಕಿದ್ದು ಬಾವಿಯ ಒಳಮೆಟ್ಟಿಲಿನಲ್ಲಿ, ಕಾಲು ನೀರಿಗೆ ತಾಗುವಷ್ಟು ಕೆಳಗೆ. ಮೇಲೆತ್ತಿದ್ದು ಶೆಟ್ರೇ. ಅದೇ ಸಂಜೆ ಅವರು ಬೀಗ ತೆಗೆದರು ಎಂದು ರತ್ನಕ್ಕ ಮುಂದೆ ವೇಣೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಹೇಳಿದರು.

ಹೊಸಬರಿಗೆ ನಾನು ಹೇಳುವುದು ಇದು: ಒಂದು ಮನೆಯಲ್ಲಿ ಒಂದು ಪ್ರಶ್ನೆಗೆ ಒಂದು ಉತ್ತರ ಕೊಟ್ಟಿದ್ದರೆ, ವರ್ಗವಾಗಿ ಹೋಗುವಾಗ ಬೀಗದ ಕೈಯ ಹಾಗೆ ಅದನ್ನೂ ಮುಂದಿನವನ ಕೈಗೆ ಕೊಟ್ಟು ಹೋಗಿ. ಅದು ಯಾಕೆ ಎಂದೂ ಹೇಳಿ. ನಾನು ಉತ್ತರ ಹೇಳಿದ್ದೆ, ಬಾವಿಗೆ ಪಾತಾಳಗರುಡ ಇಳಿಸಿದ ಕಥೆ ಹೇಳಿರಲಿಲ್ಲ.

ದೇಜಪ್ಪ ಶೆಟ್ರೂ ರತ್ನಕ್ಕನೂ ಈಗ ಇಲ್ಲ. ಮನೆಯಲ್ಲಿ ಲಲಿತ ಇದ್ದಾಳೆ, ಜೊತೆಗೆ ಶೆಟ್ರ ಕಿರಿಯ ತಂಗಿಯ ಮಗನ ಸಂಸಾರ ಇದೆ. ದೈವದ ಕೋಣೆಗೆ ಬೀಗ ಇಲ್ಲ. ಕಳೆದ ಮಳೆಗಾಲದ ಕೊನೆಗೆ ಆ ಕಡೆ ಮತ್ತೆ ಜ್ವರ ಕಂಡು, ಸೊಳ್ಳೆ ಮದ್ದು ಬಿಡಲು ಇಬ್ಬರು ಹುಡುಗರು ಹೋಗಿದ್ದರು. ತಲೆ ನರೆತ ಒಬ್ಬ ಹೆಂಗಸು ಬಾಗಿಲ ಪಕ್ಕದಲ್ಲಿ ನಿಂತು, "ಗೋಡೆಗಾ, ಮನುಷ್ಯರಿಗಾ?" ಎಂದು ಕೇಳಿದರೆಂದು ಅವರಲ್ಲೊಬ್ಬ ನನಗೆ ಹೇಳಿದ. "ಗೋಡೆಗೆ" ಎಂದನಂತೆ. ಆಕೆ ಒಳಗೆ ಹೋಗಿ, ಬೆಕ್ಕನ್ನು ಎತ್ತಿಕೊಂಡು, ಹೊರಗೆ ಬಂದು ಅಂಗಳದಲ್ಲಿ ನಿಂತರು.